ನರ್ಸ್ ಹೆಣ್ಣಾಗಿರಬೇಕು, ಆದರೆ ನಮ್ಮ ಮಗಳಾಗಿರಬಾರದೇ?

(ನಿಪ್ಪಾಣಿ ತಾಲೂಕಿನ ಅಕ್ಕೋಳದಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು, ಆಶಾ ಕಾರ್ಯಕರ್ತೆಯರು ಮತ್ತು ಅವರ ಕುಟುಂಬದವರ ಮುಂದೆ ಮಾಡಿದ ಭಾಷಣದ ಬರಹ ರೂಪ)



 

ನಾವು ವೈದ್ಯರಲ್ಲ, ದಾದಿಯರೂ ಅಲ್ಲ. ಮದ್ರಸದಲ್ಲಿ ಓದಿ, ಬಳಿಕ ಬಿ.ಎ. ಮುಗಿಸಿ, ಪತ್ರಿಕೆಗೆ ಬರೆದು ಬದುಕುತ್ತಿರುವವರು. ಸೂಜಿ ಚುಚ್ಚುವುದು ಹೇಗೆ, ರಕ್ತದೊತ್ತಡ ಅಳೆಯುವುದು ಹೇಗೆ ಎಂಬುದನ್ನು ಈ ಸಹೋದರಿಯರಿಗೆ ಕಲಿಸುವ ಯೋಗ್ಯತೆ ನಮಗಿಲ್ಲ. ಆದರೆ ಸೂಜಿ ಹಿಡಿದ ಕೈಯ ಹಿಂದೆ ಒಂದು ಮನಸ್ಸಿರುತ್ತದೆ. ಆ ಮನಸ್ಸಿನಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾರು ಗೌರವಕ್ಕೆ ಅರ್ಹರು, ಯಾರು ಅಲ್ಲ ಎಂಬ ತೀರ್ಮಾನಗಳು ಮೊದಲೇ ಮನೆ ಮಾಡಿಕೊಂಡಿರುತ್ತವೆ. ಹಾಸಿಗೆಯ ಮೇಲೆ ಮಲಗಿರುವ ರೋಗಿಯ ಮನಸ್ಸಿನಲ್ಲಿಯೂ ಅಂಥವೇ ತೀರ್ಮಾನಗಳಿರುತ್ತವೆ. ಇವೆರಡೂ ಎದುರು ಬದುರಾದಾಗ ಏನಾಗುತ್ತದೆ? ಇಂದು ನಾವು ಮಾತನಾಡಬೇಕೆಂದಿರುವುದು ಅದರ ಬಗ್ಗೆ ಮಾತ್ರ.

ಇದಕ್ಕೆ ಈ ಊರಿಗಿಂತ ತಕ್ಕ ಜಾಗ ಬೇರೊಂದಿಲ್ಲ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿ ಬರುತ್ತವೆ. ಮಳೆಗಾಲದಲ್ಲಿ ವೇದಗಂಗೆ ಉಕ್ಕಿದರೆ ಅಕ್ಕೋಳ-ಸಿದ್ನಾಳ ಸೇತುವೆ ಮುಳುಗುತ್ತದೆ. ದೊಡ್ಡ ಕಾಯಿಲೆ ಬಂದರೆ ಈ ಭಾಗದ ಜನರು ಬೆಳಗಾವಿಗೂ ಹೋಗುತ್ತಾರೆ, ರಾಜ್ಯದ ಗಡಿ ದಾಟಿ ಮೀರಜಿಗೂ ಹೋಗುತ್ತಾರೆ. ಮೀರಜಿನಲ್ಲಿ ವಿಲಿಯಂ ವಾನ್ಲೆಸ್ ಎಂಬ ಕ್ರೈಸ್ತ ಮಿಷನರಿ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ಓಡಾಟ ನಡೆದಿದೆ. ಅಲ್ಲಿ ಶುಶ್ರೂಷೆ ಪಡೆಯುವಾಗ ನಮ್ಮ ಅಜ್ಜ ಅಜ್ಜಿಯರು ನರ್ಸಿನ ಧರ್ಮ ಯಾವುದೆಂದು ಕೇಳಲಿಲ್ಲ, ಅವಳ ಕೈ ಮೃದುವಾಗಿದೆಯೇ ಎಂದಷ್ಟೇ ನೋಡಿದರು.

ಮೌಲ್ಯವೆಂದರೆ ಏನು?

ಮೌಲ್ಯದ ಬಗ್ಗೆ ಭಾಷಣ ಮಾಡುವುದು ಸುಲಭ. ಅಮೆರಿಕದ ಶಿಕ್ಷಣ ತಜ್ಞ ಲೂಯಿ ರಾತ್ಸ್ ಮತ್ತು ಅವರ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಮೌಲ್ಯಕ್ಕೆ ಕಠಿಣವಾದ ಅಳತೆಗೋಲೊಂದನ್ನು ಕೊಟ್ಟರು. ಅದರ ಸಾರ ಇಷ್ಟು: ನೀವು ಸ್ವತಂತ್ರವಾಗಿ ಆರಿಸಿಕೊಂಡದ್ದು, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಹಿಂಜರಿಯದೆ ಇರುವಂಥದ್ದು, ಬಾಳಿನಲ್ಲಿ ಮತ್ತೆ ಮತ್ತೆ ಆಚರಿಸುವಂಥದ್ದು, ಅದೇ ಮೌಲ್ಯ. ಬಾಯಲ್ಲಿ ಹೇಳಿ ಕೈಯಲ್ಲಿ ಮಾಡದೆ ಇರುವುದು ಮೌಲ್ಯವಾಗದು. ನರ್ಸಿಂಗ್ ಶಿಕ್ಷಣವು ಈ ವಿಚಾರವನ್ನು ಬಹಳ ಹಿಂದೆಯೇ ತನ್ನದಾಗಿಸಿಕೊಂಡಿತು. ಏಕೆಂದರೆ ತನ್ನ ಮೌಲ್ಯ ಯಾವುದೆಂದು ಅರಿಯದ ನರ್ಸ್, ಅದನ್ನು ತಿಳಿಯದೆಯೇ ರೋಗಿಯ ಮೇಲೆ ಹೇರುತ್ತಾಳೆ.

ಅಂತಾರಾಷ್ಟ್ರೀಯ ದಾದಿಯರ ಮಂಡಳಿಯು 1953ರಲ್ಲಿ ತನ್ನ ಮೊದಲ ನೀತಿ ಸಂಹಿತೆಯನ್ನು ಅಂಗೀಕರಿಸಿತು. ಬಳಿಕ ಅದನ್ನು ಹಲವು ಬಾರಿ ಪರಿಷ್ಕರಿಸಿ, 2021ರಲ್ಲಿಯೂ ಹೊಸದಾಗಿ ಹೊರತಂದಿತು. ಜಾತಿ, ಧರ್ಮ, ಬಣ್ಣ, ಲಿಂಗ, ರಾಜಕೀಯ ಯಾವುದನ್ನೂ ನೋಡದೆ ಶುಶ್ರೂಷೆ ನೀಡಬೇಕು, ರೋಗಿಯ ಮತ್ತು ಕುಟುಂಬದ ಮೌಲ್ಯ, ನಂಬಿಕೆ, ಆಚಾರಗಳನ್ನು ಗೌರವಿಸಬೇಕು ಎಂಬುದು ಅದರ ತಿರುಳು. ಹಾಗಾದರೆ ನರ್ಸಿಗೆ ಸ್ವಂತ ನಂಬಿಕೆ ಇರಬಾರದೇ? ಖಂಡಿತ ಇರಬೇಕು. ಆ ನಂಬಿಕೆಯು ರೋಗಿಯನ್ನು ಅಳೆಯುವ ತಕ್ಕಡಿಯಾಗಬಾರದು, ಅಷ್ಟೇ.

ಮಿಶ್ರಿಯ ಡಬ್ಬಿ

ನಮ್ಮ ಮನೆಯದೇ ಒಂದು ಘಟನೆಯನ್ನು ಹೇಳಲು ಅನುಮತಿ ಕೊಡಿ. ನಮ್ಮ ತಾಯಿ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತುತ್ತಾ ದಿನಗಳೆದವರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಗುತ್ತಿಗೆದಾರನು ಇದು ಸರಿಯಿಲ್ಲವೆಂದು ಬದಿಗೆ ತಳ್ಳಿದ ಬೀಡಿಗೆ ಕೂಲಿಯೇ ಇಲ್ಲ. ಈ ಭಾಗದ ಅನೇಕ ಹೆಂಗಸರಂತೆ ಅವರಿಗೂ ಬೆಳಗ್ಗೆ ಹುರಿದ ತಂಬಾಕಿನ ಪುಡಿಯಿಂದ, ಅಂದರೆ ಮಿಶ್ರಿಯಿಂದ, ಹಲ್ಲುಜ್ಜುವ ರೂಢಿಯಿತ್ತು. ಹಲ್ಲುಜ್ಜಿದ ಬಳಿಕವೂ ಅದು ಬಾಯಲ್ಲಿಯೇ ಇರುತ್ತಿತ್ತು. ಹಸಿವು ತಿಳಿಯುವುದಿಲ್ಲ ಎನ್ನುತ್ತಿದ್ದರು.

ಒಮ್ಮೆ ಬಾಯಲ್ಲಿ ಹುಣ್ಣಾಗಿ ವಾಸಿಯಾಗದೆ ಉಳಿಯಿತು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸರದಿಯಲ್ಲಿ ಇಪ್ಪತ್ತು ಮಂದಿ ಕೂತಿದ್ದರು. ಅಲ್ಲಿನ ನರ್ಸ್ ಸೊಂಟದ ಗಂಟಿನಲ್ಲಿದ್ದ ಮಿಶ್ರಿಯ ಡಬ್ಬಿಯನ್ನು ಕಂಡು, ಎಲ್ಲರ ಎದುರು ಅದನ್ನು ಎತ್ತಿ ಹಿಡಿದು, ಇಂಥ ಕೊಳಕನ್ನು ಬಾಯಿಗೆ ಹಾಕಿಕೊಂಡು ಇಲ್ಲಿಗೆ ಯಾಕೆ ಬರುತ್ತೀರಿ ಎಂದು ಗದರಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ತಾಯಿ ಚೀಟಿಯನ್ನು ಮಡಚಿಕೊಂಡು ಎದ್ದು ಬಂದರು. ಹನ್ನೊಂದು ತಿಂಗಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಮಿಶ್ರಿಯನ್ನೂ ಬಿಡಲಿಲ್ಲ.

ಅನಂತರ ಬೇರೊಂದು ಊರಿನಲ್ಲಿ ಇನ್ನೊಬ್ಬ ನರ್ಸ್ ಸಿಕ್ಕರು. ಅವರು ಬಾಗಿಲ ಪರದೆಯನ್ನು ಎಳೆದು, ತಾಯಿಯ ಪಕ್ಕದಲ್ಲಿ ಕೂತು, "ಅಮ್ಮಾ, ಇದು ಯಾವಾಗಿನಿಂದ? ಯಾವ ಹೊತ್ತಿಗೆ ಬೇಕೇ ಬೇಕು ಅನಿಸುತ್ತದೆ?" ಎಂದು ಕೇಳಿದರು. ಬೆಳಗ್ಗೆ ಉಪವಾಸದ ಹೊಟ್ಟೆಯಲ್ಲಿ ಕೆಲಸಕ್ಕೆ ಕೂರುವ ಹೊತ್ತಿಗೆ ಎಂದು ತಾಯಿ ಹೇಳಿದರು. ಮೊದಲು ಏನಾದರೂ ತಿನ್ನಿ, ಬಳಿಕ ಮಾತನಾಡೋಣ ಎಂದರು ಅವರು. ಎರಡು ವರ್ಷ ಹಿಡಿಯಿತು, ಆದರೆ ಡಬ್ಬಿ ಮನೆಯಿಂದ ಹೋಯಿತು. ಹುಣ್ಣು ಕ್ಯಾನ್ಸರ್ ಆಗಿರಲಿಲ್ಲ ಎಂಬುದು ಅಲ್ಲಾಹನ ಕೃಪೆ. ಆಗಿದ್ದರೆ, ಕಳೆದುಹೋದ ಆ ಹನ್ನೊಂದು ತಿಂಗಳಿಗೆ ಯಾರು ಹೊಣೆಯಾಗುತ್ತಿದ್ದರು?

ಇಬ್ಬರು ನರ್ಸ್‌ಗಳೂ ತಂಬಾಕನ್ನು ವಿರೋಧಿಸುವವರೇ. ಓದಿದ ಪಾಠವೂ ಒಂದೇ. ಮೊದಲನೆಯವರು ಚಟವನ್ನು ಕಂಡರು, ಎರಡನೆಯವರು ಚಟದ ಹಿಂದಿನ ಹಸಿವನ್ನೂ ಕಂಡರು.

ಅನ್ನ ಕೊಡುವ ವಿಷ

ನಿಪ್ಪಾಣಿಯೆಂದರೆ ತಂಬಾಕು. ಇಲ್ಲಿನ ಹೊಲ, ವಖಾರಿ, ಮನೆಯ ಜಗಲಿ ಎಲ್ಲವೂ ಅದರಿಂದ ಬದುಕಿವೆ. 1981ರಲ್ಲಿ ನ್ಯಾಯವಾದ ಬೆಲೆ ಕೇಳಿ ತಂಬಾಕು ಬೆಳೆಗಾರರು ಇಲ್ಲಿ ಹೆದ್ದಾರಿಯಲ್ಲಿ ಕೂತರು, ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಹೋರಾಡಿದರು. ಅವರ ಹೋರಾಟದ ಬಗ್ಗೆ ಯುಗಾಂತರ್ ಎಂಬ ಮಹಿಳೆಯರ ಚಿತ್ರ ತಂಡವು 1982ರಲ್ಲಿ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಇಂಥ ನೆಲದಲ್ಲಿ ನಿಂತು ತಂಬಾಕು ವಿಷ ಎಂದಷ್ಟೇ ಹೇಳಿ ಹೊರಟುಬಿಟ್ಟರೆ ಜನರು ಏನೆಂದುಕೊಳ್ಳುತ್ತಾರೆ? ಇವರು ನಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದವರು ಎಂದುಕೊಳ್ಳುತ್ತಾರೆ.

ಆದರೂ ವಿಷ ವಿಷವೇ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 28.6, ಕರ್ನಾಟಕದಲ್ಲಿ ಶೇ. 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2003ರಲ್ಲಿ ಕೇಂದ್ರದ ಕಾಯ್ದೆ ಬಂತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2025ರಲ್ಲಿ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು, ತಂಬಾಕು ಮಾರಬಹುದಾದ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದುವವರ ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಹೆಚ್ಚಿಸಿತು. ಇವೆಲ್ಲ ಬೇಕು. ಆದರೆ ಸೇದುವವನಿಗೆ ದಂಡ ಹಾಕುವ ಕಾನೂನು, ದಿನವಿಡೀ ತಂಬಾಕಿನ ಧೂಳು ಕುಡಿಯುವ ಹೆಣ್ಣಿನ ಕೆಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ಮೊರದ ಪಕ್ಕದಲ್ಲೇ ಮಲಗಿರುವ ಹಸುಗೂಸು ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಆರೋಗ್ಯ ಸಂವರ್ಧನೆ ಎಂಬ ಮಾತಿಗೆ 1986ರ ಒಟ್ಟಾವಾ ಸನ್ನದು ಕೊಟ್ಟ ಅರ್ಥವನ್ನು ಇಲ್ಲಿ ನೆನೆಯಬೇಕು. ಜನರು ತಮ್ಮ ಆರೋಗ್ಯದ ಮೇಲೆ ತಾವೇ ಹೆಚ್ಚಿನ ಹಿಡಿತ ಸಾಧಿಸಿ ಅದನ್ನು ಉತ್ತಮಪಡಿಸಿಕೊಳ್ಳುವಂತೆ ಮಾಡುವುದೇ ಆರೋಗ್ಯ ಸಂವರ್ಧನೆ ಎನ್ನುತ್ತದೆ ಅದು. ಉಪದೇಶದಿಂದ ಹಿಡಿತ ಬರುವುದಿಲ್ಲ. ಬೀಡಿ ಕಟ್ಟುವ ತಾಯಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಲು, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಲು, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲು ಹೇಳುವ ನರ್ಸ್ ಆಕೆಯ ಇಂದಿನ ಬದುಕಿನೊಳಗಿನಿಂದ ಮಾತನಾಡುತ್ತಾಳೆ. ಅವಳ ಮಗಳಿಗೆ ಮೊರದ ಬದಲು ಬೇರೆ ದುಡಿಮೆ ಸಿಗುವಂತೆ ನೋಡಿಕೊಳ್ಳುವುದು ಸರಕಾರದ ಮತ್ತು ಸಮುದಾಯದ ಕೆಲಸ. ಅದನ್ನು ನರ್ಸಿನ ತಲೆಯ ಮೇಲೆ ಹೇರುವಂತಿಲ್ಲ.

ಪ್ಲೇಗಿನ ಪಾಠ

ರೋಗಿಯ ಮೌಲ್ಯವನ್ನು ತುಳಿದು ಆರೋಗ್ಯ ಕೊಡಲು ಹೊರಟರೆ ಏನಾಗುತ್ತದೆ ಎಂಬುದನ್ನು ಹಳೆಯ ಮುಂಬಯಿ ಪ್ರಾಂತ್ಯ ನೋಡಿದೆ. ಬೆಳಗಾವಿ ಜಿಲ್ಲೆಯೂ ಆಗ ಅದರ ಭಾಗವಾಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಗೋರಾ ಸಿಪಾಯಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ದೇವರ ಕೋಣೆ, ಅಂತಃಪುರ ಯಾವುದನ್ನೂ ಬಿಡಲಿಲ್ಲ. ಅದರ ಕಹಿಯಲ್ಲೇ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. 1898ರ ಮಾರ್ಚ್‌ನಲ್ಲಿ ಮುಂಬಯಿಯ ಮದನಪುರದಲ್ಲಿ ಜುಲಾಹಾ ನೇಕಾರರ ಮನೆಯ ಬಾಲಕಿಯೊಬ್ಬಳನ್ನು ಪರೀಕ್ಷಿಸಲು ಪ್ಲೇಗ್ ತಂಡ ಬಂದಾಗ ಗಲಭೆಯೇ ಎದ್ದಿತು. ರೋಗವಿದ್ದದ್ದು ನಿಜ, ಪರೀಕ್ಷೆ ಬೇಕಾಗಿದ್ದದ್ದೂ ನಿಜ. ಆದರೆ ಜನರು ರೋಗಿಯನ್ನು ಬಚ್ಚಿಟ್ಟರು, ರೋಗ ಮತ್ತಷ್ಟು ಹರಡಿತು.

ಅದೇ ಪ್ಲೇಗಿನ ಕಾಲದಲ್ಲಿ ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರೂ ಇದ್ದರು. ವೈದ್ಯರಾಗಿದ್ದ ತಮ್ಮ ದತ್ತು ಮಗ ಯಶವಂತರ ಜೊತೆ ರೋಗಿಗಳ ಆರೈಕೆಗೆ ನಿಂತು, ಆ ಸೋಂಕು ತಮಗೂ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅಸ್ಪೃಶ್ಯರೆಂದು ಊರು ದೂರವಿಟ್ಟವರನ್ನು ಮುಟ್ಟಿ ಆರೈಕೆ ಮಾಡಿದ ಕೈಗಳವು. ಬಂದೂಕು ಹಿಡಿದು ಬಂದವರಿಗೂ ಹೀಗೆ ಬಂದವರಿಗೂ ಇರುವ ವ್ಯತ್ಯಾಸವನ್ನು ನರ್ಸಿಂಗ್ ಕಲಿಯುವವರು ಮರೆಯಬಾರದು.

ನಮ್ಮ ಕಾಲದಲ್ಲಿಯೂ ಇದು ಮರುಕಳಿಸಿದೆ. 2000ದ ದಶಕದಲ್ಲಿ ಉತ್ತರ ಪ್ರದೇಶದ ಹಲವು ಮುಸ್ಲಿಮ್ ಮೊಹಲ್ಲಾಗಳಲ್ಲಿ ಪೋಲಿಯೊ ಹನಿಯ ಬಗ್ಗೆ ವದಂತಿ ಹಬ್ಬಿ, ಬಾಗಿಲುಗಳು ಮುಚ್ಚಿದವು. ಉಲೆಮಾಗಳು, ಅಲೀಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳವರು, ಮೊಹಲ್ಲಾದ ಹೆಂಗಸರು ಕೈ ಜೋಡಿಸಿದ ಬಳಿಕ ಅವು ತೆರೆದವು. 2011ರ ಜನವರಿ 13ರ ಬಳಿಕ ಈ ದೇಶದಲ್ಲಿ ವೈಲ್ಡ್ ಪೋಲಿಯೊದ ಹೊಸ ಪ್ರಕರಣವಿಲ್ಲ. 2014ರಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣ ಪತ್ರವೂ ದೊರೆಯಿತು. 2020ರ ಕೋವಿಡ್ ದಿನಗಳಲ್ಲಿ ರೋಗಕ್ಕೆ ಒಂದು ಧರ್ಮದ ಹಣೆಪಟ್ಟಿ ಕಟ್ಟಿದ ಮಾಧ್ಯಮಗಳ ಅಪರಾಧ ಸಣ್ಣದಲ್ಲ. ಹಾಗೆಂದು ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ವಿರುದ್ಧ ನಡೆದ ದಾಂಧಲೆಯನ್ನು ಸಮರ್ಥಿಸಲಾದೀತೇ? ಅನ್ಯಾಯಕ್ಕೆ ಒಳಗಾದವರು ಆರೈಕೆಗೆ ಬಂದವರ ಮೇಲೆ ಕೈ ಎತ್ತಿದರೆ ಅದು ಇನ್ನೊಂದು ಅನ್ಯಾಯ. ಅದನ್ನು ನಾವೇ ಮೊದಲು ಹೇಳಬೇಕು.

ಗೌರವವೆಂದರೆ ಎಲ್ಲದಕ್ಕೂ ಹೂಂ ಎನ್ನುವುದಲ್ಲ

ರೋಗಿಯ ಮೌಲ್ಯವನ್ನು ಗೌರವಿಸಬೇಕೆಂದರೆ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆಂದಲ್ಲ. ರಮಝಾನ್ ತಿಂಗಳಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೊಬ್ಬರು ಉಪವಾಸ ಹಿಡಿಯುತ್ತೇನೆ ಎನ್ನುತ್ತಾರೆ. ಇದೆಲ್ಲ ಮೂಢತನ ಎಂದು ನರ್ಸ್ ಹೇಳಿದರೆ ಅವರು ಮರುದಿನದಿಂದ ಗುಟ್ಟಾಗಿ ಉಪವಾಸ ಹಿಡಿಯುತ್ತಾರೆ, ಸಕ್ಕರೆ ಇಳಿದು ಬಿದ್ದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಆದರೆ ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ವಾಸಿಯಾದ ಮೇಲೆ ಪೂರೈಸಬಹುದು, ವಾಸಿಯಾಗದ ಕಾಯಿಲೆಯಾದರೆ ಬಡವರಿಗೆ ಉಣಬಡಿಸಬಹುದು. ಇನ್ಸುಲಿನ್ ಚುಚ್ಚಿಕೊಂಡರೆ, ಬೆರಳಿನ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಸಮಕಾಲೀನ ವಿದ್ವಾಂಸರಲ್ಲಿ ಬಹುತೇಕರ ಅಭಿಪ್ರಾಯ. ಇದನ್ನು ನರ್ಸಿಗೆ ತಿಳಿಸಿ ಕೊಡಬೇಕಾದವರು ಯಾರು? ಮಸೀದಿಯ ಮಿಂಬರಿನಲ್ಲಿ ನಿಲ್ಲುವವರು. ರಮಝಾನಿಗೆ ಒಂದು ತಿಂಗಳು ಮೊದಲೇ ಮಧುಮೇಹಿಗಳು ವೈದ್ಯರನ್ನು ಕಾಣಲಿ ಎಂದು ಜುಮಾ ಭಾಷಣದಲ್ಲಿ ಎರಡು ನಿಮಿಷ ಹೇಳಿದರೆ ಎಷ್ಟು ಜೀವ ಉಳಿದೀತು!

ಇನ್ನೊಂದು ಮಾತು ಕಹಿಯಾದದ್ದು. ಆಸ್ಪತ್ರೆಯಲ್ಲಿ ನೋವೆಲ್ಲಿದೆ ಎಂದು ಸೊಸೆಯನ್ನು ಕೇಳಿದರೆ ಉತ್ತರ ಕೊಡುವವರು ಅತ್ತೆ. ಆಪರೇಷನ್ ಬೇಕೇ ಎಂದು ಹೆಂಡತಿಯನ್ನು ಕೇಳಿದರೆ ತಲೆಯಾಡಿಸುವವನು ಗಂಡ. ಇದನ್ನೂ ನಮ್ಮ ಮನೆತನದ ಮೌಲ್ಯ ಎನ್ನುತ್ತೇವೆ. ಆದರೆ ನೋವು ಯಾರದ್ದೋ ಮಾತೂ ಅವರದ್ದೇ ಆಗಿರಬೇಕು. ಮನೆಯವರನ್ನು ಗೌರವದಿಂದಲೇ ಐದು ನಿಮಿಷ ಹೊರಗೆ ಕೂರಿಸಿ, ಆ ಹೆಣ್ಣಿನ ಭಾಷೆಯಲ್ಲಿ ಆಕೆಯನ್ನೇ ಕೇಳುವ ನರ್ಸ್ ನಮ್ಮ ಸಂಸ್ಕೃತಿಗೆ ಅಪಚಾರ ಮಾಡುವುದಿಲ್ಲ. ನಮ್ಮ ಮನೆಯ ಹೆಣ್ಣಿಗೆ ಹಕ್ಕಿನದನ್ನು ಕೊಡುತ್ತಾಳೆ.

ನಮ್ಮ ಮನೆಯ ಬಾಗಿಲು

ಈಗ ನಮ್ಮದೇ ತಪ್ಪಿನ ಬಗ್ಗೆ. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರುತ್ತೇನೆ ಎಂದಳು. ಮನೆಯಲ್ಲಿ ಕೋಲಾಹಲವಾಯಿತು. ರಾತ್ರಿ ಪಾಳಿ, ಪರಪುರುಷರನ್ನು ಮುಟ್ಟುವ ಕೆಲಸ, ನಾಳೆ ವರ ಸಿಗುವುದು ಹೇಗೆ? ನಮ್ಮ ಅಭಿಪ್ರಾಯ ಕೇಳಿದರು. ಮದ್ರಸದಲ್ಲಿ ಓದಿದವರು, ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಬರೆಯುವವರು, ನಾವೇನು ಹೇಳಿದೆವು ಗೊತ್ತೇ? "ಬಿ.ಎ. ಮಾಡಲಿ, ಟೀಚರ್ ಆಗಲಿ" ಎಂದೆವು. ಅವಳು ಮರುಮಾತಾಡಲಿಲ್ಲ.

ಅದೇ ವರ್ಷ ತಾಯಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಗಾಯದ ಪಟ್ಟಿ ಬದಲಿಸಲು ಪುರುಷ ನರ್ಸ್ ಬಂದಾಗ ನಾವು ಎದ್ದು ನಿಂತು, ಹೆಂಗಸನ್ನು ಕಳುಹಿಸಿ ಎಂದು ವಾದಿಸಿದೆವು. ಹಿಂದೆ ನಿಂತಿದ್ದ ಅಕ್ಕನ ಮಗಳು ಮೆಲ್ಲಗೆ ಕೇಳಿದಳು, "ಮಾಮೂ, ಯಾರ ಮನೆಯ ಹೆಂಗಸನ್ನು?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಹೆಂಗಸರ ಮಾನಕ್ಕಾಗಿ ಹೆಣ್ಣು ನರ್ಸ್ ಬೇಕು, ಹೆರಿಗೆಗೆ ಹೆಣ್ಣು ಡಾಕ್ಟರ್ ಬೇಕು. ಆದರೆ ಆ ರಾತ್ರಿ ಪಾಳಿಯಲ್ಲಿ ದುಡಿಯುವುದು ಕೇರಳದ ಕ್ರೈಸ್ತ ಹುಡುಗಿಯೋ ಪಕ್ಕದೂರಿನ ದಲಿತರ ಹುಡುಗಿಯೋ ಆಗಿರಬೇಕು! ಅವಳಿಗೆ ಮಾನವಿಲ್ಲವೇ? ರಾತ್ಸ್ ಹೇಳಿದ ಅಳತೆಗೋಲನ್ನು ಇಲ್ಲಿಟ್ಟು ನೋಡಿ. ನಾವು ಮೌಲ್ಯವೆಂದು ಕರೆದದ್ದು ನಿಜಕ್ಕೂ ಮೌಲ್ಯವಾಗಿತ್ತೇ ಅಥವಾ ಇನ್ನೊಬ್ಬರ ಮಗಳ ದುಡಿಮೆಯ ಮೇಲೆ ನಿಂತ ಅನುಕೂಲವಾಗಿತ್ತೇ?

ಇತಿಹಾಸದಲ್ಲಿ ನಮಗೆ ನೆಪವೂ ಸಿಗುವುದಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಮದೀನಾದ ಮಸೀದಿಯಲ್ಲಿದ್ದ ರುಫೈದಾ(ರ)ರ ಡೇರೆಗೆ ಸೇರಿಸಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಗಾಯಾಳುಗಳ ಆರೈಕೆ ಮಾಡುತ್ತಿದ್ದ ಹೆಣ್ಣಿನ ಡೇರೆಯದು, ಅದೂ ಮಸೀದಿಯ ಆವರಣದಲ್ಲಿ. ಕ್ರಿಮಿಯಾ ಯುದ್ಧದ ಫ್ಲಾರೆನ್ಸ್ ನೈಟಿಂಗೇಲ್‌ರಿಗಿಂತ ಹನ್ನೆರಡು ಶತಮಾನಗಳಷ್ಟು ಹಿಂದಿನ ಮಾತಿದು. ರುಫೈದಾರ ಹೆಸರನ್ನು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿ, ಮನೆಯ ರುಫೈದಾಳನ್ನು ತಡೆಯುವವರು ನಾವು.

ಉಡುಪಿನ ಪ್ರಶ್ನೆ, ಪಾಳಿಯ ಪ್ರಶ್ನೆ ಇಲ್ಲವೆಂದಲ್ಲ. ಮನಸ್ಸಿದ್ದರೆ ಅವುಗಳಿಗೆ ದಾರಿಯಿದೆ. ಸೋಂಕು ತಡೆಗಾಗಿ ಮೊಣಕೈವರೆಗೆ ತೋಳು ತೆರೆದಿರಬೇಕೆಂಬ ನಿಯಮವಿದ್ದ ಬ್ರಿಟನ್ನಿನಲ್ಲಿ ಆರೋಗ್ಯ ಇಲಾಖೆಯು 2010ರಲ್ಲಿ, ಬಳಸಿ ಎಸೆಯುವ ತೋಳುಚೀಲಗಳನ್ನು ತೊಡಲು ಅವಕಾಶ ಕೊಟ್ಟಿತು. ರೋಗಿಯ ಸುರಕ್ಷೆಯೂ ಉಳಿಯಿತು, ನರ್ಸಿನ ನಂಬಿಕೆಯೂ ಉಳಿಯಿತು. ಮಾತುಕತೆಯಿಂದ ಬಗೆಹರಿಯುವುದನ್ನು ಹಟದಿಂದ ಕೆಡಿಸಬಾರದೆಂಬ ಮಾತು ಆಡಳಿತಕ್ಕೂ ಅನ್ವಯಿಸುತ್ತದೆ, ನಮಗೂ ಅನ್ವಯಿಸುತ್ತದೆ.

ಸೇವೆಯೆಂಬ ಹೊಗಳಿಕೆ ಸಾಲದು

ನರ್ಸ್ ದೇವತೆ, ಆಶಾ ಕಾರ್ಯಕರ್ತೆ ತಾಯಿ ಎಂದು ಹೊಗಳಿ ಸಂಬಳದ ಮಾತು ಬಂದಾಗ ಮುಖ ತಿರುಗಿಸುವುದು ನಮ್ಮ ಸರಕಾರಗಳ ಹಳೆಯ ಚಾಳಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಯೋಜನೆಯು ಅವರನ್ನು ನೌಕರರೆಂದು ಕರೆಯಲಿಲ್ಲ, ಸ್ವಯಂಸೇವಕಿಯರೆಂದು ಕರೆದು ಪ್ರೋತ್ಸಾಹಧನ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆಯಬೇಕಾಯಿತು. ಒಂದು ವಾರ್ಡಿನ ಭಾರವನ್ನೆಲ್ಲ ಹೊತ್ತು, ಊಟಕ್ಕೂ ಸಮಯವಿಲ್ಲದೆ ದುಡಿಯುವ ಗುತ್ತಿಗೆ ನರ್ಸಿನಿಂದ ಪರದೆ ಎಳೆದು ಪಕ್ಕದಲ್ಲಿ ಕೂತು ಮಾತನಾಡುವ ತಾಳ್ಮೆಯನ್ನು ನಿರೀಕ್ಷಿಸುವುದಾದರೂ ಹೇಗೆ? ನಮ್ಮ ತಾಯಿಯನ್ನು ಗದರಿದ ಆ ನರ್ಸ್ ಅಂದು ಎಷ್ಟು ಗಂಟೆಗಳಿಂದ ನಿಂತಿದ್ದರೋ! ಅಂದು ನಾವು ಅವರನ್ನು ಅದನ್ನು ಕೇಳಲಿಲ್ಲ.

ಸಹೋದರಿಯರೇ, ನಿಮಗೆ ನಮ್ಮ ವಿನಂತಿ ಇಷ್ಟೇ. ಪ್ರತಿದಿನ ಪಾಳಿ ಮುಗಿಸಿ ಹೊರಡುವಾಗ ನಾಲ್ಕು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಇಂದು ಯಾವ ರೋಗಿಯ ಹಾಸಿಗೆಯ ಬಳಿ ನಾನು ಬೇಗ ಹೊರಟು ಬಂದೆ? ಏಕೆ? ಅವರ ಜಾತಿಯೇ, ಧರ್ಮವೇ, ವಾಸನೆಯೇ, ಚಟವೇ, ಎಚ್‌ಐವಿಯೇ? ನಾಳೆ ಅಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಲು ಸಾಧ್ಯವೇ? ಯಾರೂ ನೋಡದ ಈ ಲೆಕ್ಕ ತಪಾಸಣೆಯೇ ನಿಮ್ಮನ್ನು ಒಳ್ಳೆಯ ನರ್ಸ್ ಆಗಿಸುತ್ತದೆ.

ತಂದೆ ತಾಯಂದಿರೇ, ನಿಮಗೆ ನಮ್ಮ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇವೆ. ಅಕ್ಕನ ಮಗಳು ಒಂದು ವರ್ಷ ತಡವಾಗಿ ನರ್ಸಿಂಗ್ ಸೇರಿದಳು. ಶುಲ್ಕದ ಮೊದಲ ಕಂತಿಗೆ ತಾಯಿ ತಮ್ಮ ಬೀಡಿಯ ಉಳಿತಾಯದ ಗಂಟನ್ನು ಬಿಚ್ಚಿದರು. ಈಗ ಅವಳಿಗೆ ರಾತ್ರಿ ಪಾಳಿಯಿದ್ದಾಗ ಬಸ್ ನಿಲ್ದಾಣದವರೆಗೆ ಬಿಟ್ಟು ಬರುವುದು ನಮ್ಮ ಕೆಲಸ. ಮೊದಲ ದಿನ ದಾರಿಯಲ್ಲಿ ಕ್ಷಮೆ ಕೇಳಬೇಕೆಂದಿದ್ದೆವು. ಬಸ್ಸು ಬೇಗ ಬಂತು, ಕೇಳಲಾಗಲಿಲ್ಲ. ಈ ಸಭೆಯಲ್ಲಿ, ನಿಮ್ಮೆಲ್ಲರ ಮುಂದೆ, ಅದನ್ನು ಕೇಳುತ್ತಿದ್ದೇವೆ.

ಅಲ್ಲಾಹನು ರೋಗಿಗಳಿಗೆ ಶಿಫಾ ಕೊಡಲಿ, ಆರೈಕೆ ಮಾಡುವವರಿಗೆ ತಾಳ್ಮೆ ಕೊಡಲಿ, ನಮಗೆ ಸದ್ಬುದ್ಧಿ ಕೊಡಲಿ.